ತುತ್ತಿನ ಲೆಕ್ಕ

ನನ್ನ ಕೆಲಸ ಇಷ್ಟೇ: ಒಂದು ಕುರಿಯ ಬೆನ್ನು ಹತ್ತಿ
ಅದು ಯಾವ ಗಿಡಕ್ಕೆ ಎಷ್ಟು ಸಲ ಬಾಯಿ ಹಾಕಿತೆಂದು
ಗೀಟು ಎಳೆಯುವುದು.
ಪೆನ್ಸಿಲ್ಲಿನಲ್ಲಿ. ಪೆನ್ನಿನ ಶಾಯಿ ಇಲ್ಲಿ
ಬೆಳಗಿನ ಚಹಾಕ್ಕೂ ಮುಂಚೆ ಕಲ್ಲಾಗಿರುತ್ತದೆ.

ಮೊಯಿನ್‌ಕುಮ್ ಮರಳಿನ ಮೇಲೆ ಗೇಣುದ್ದ ಹಿಮ.
ಮೊದಲು ಕುದುರೆಗಳು ಹೋಗುತ್ತವೆ, ಗೊರಸಿನಿಂದ ಗೆಬರಿ
ಹೊದಿಕೆ ಹರಿಯುತ್ತ;
ಹರಿದಲ್ಲೆಲ್ಲ ಕುರಿಗಳು ಮೂತಿ ತೂರುತ್ತವೆ.
ದೂರದಿಂದ ಎಲ್ಲವೂ ಒಂದೇ ಬೂದು, ಒಂದೇ ಒಣಕಲು ಕಡ್ಡಿ.
ನನಗೆ ಹಾಗೆ. ಅವಕ್ಕಲ್ಲ.

"ಹರಿದ ಕಿವಿಯವಳನ್ನು ಹಿಡಿ" ಎಂದಿದ್ದಳು ಉಲ್ಬೊಸಿನ್ ಮೊದಲ ದಿನ,
"ಉಳಿದವು ಬರೀ ತಿನ್ನುತ್ತವೆ. ಅವಳು ಆರಿಸುತ್ತಾಳೆ."
(ಉಲ್ಬೊಸಿನ್ ಎಂದರೆ ಗಂಡಾಗಲಿ ಎಂದು.
ಐದನೆಯ ಹೆಣ್ಣಿಗೆ ಅಪ್ಪ ಇಟ್ಟ ಹೆಸರು.
ಆರನೆಯದೂ ಹೆಣ್ಣೇ ಆಯಿತು, ಎಂದು ನಗುತ್ತಾಳೆ.)

ಹರಿದ ಕಿವಿಯವಳು ತೆರೆಸ್ಕೆನ್ ಪೊದೆಯ ಮುಂದೆ ನಿಂತು
ಬಿಳಿ ಉಣ್ಣೆಯಂಥ ಬೀಜ ಮೆತ್ತಿದ ತುದಿಯಷ್ಟನ್ನೇ
ತುಟಿಯಲ್ಲಿ ಸವರಿ ಕೀಳುತ್ತಾಳೆ. ಹದಿನಾಲ್ಕು ಗೀಟು.
ಕಟ್ಟಿಗೆಯಾದ ಕಾಂಡ ಮುಟ್ಟುವುದಿಲ್ಲ.
ಇಜೆನ್ ಸಿಕ್ಕರೆ ಮೂವತ್ತು, ಮೂವತ್ತೊಂದು,
ಕಣ್ಣು ಅರೆಮುಚ್ಚಿ.
ನಡುವೆ ಎರಡು ಬಾಯಿ ಹಿಮ, ನೀರಿನ ಬದಲಿಗೆ.
ಅದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ; ಅಂಚಿನಲ್ಲಿ ಬರೆದೆ.
ಆಮೇಲೆ ಸಪ್ಪೆ ಒಣಹುಲ್ಲು, ಹೊಟ್ಟೆ ತುಂಬಬೇಕಲ್ಲ.
ಆಮೇಲೆ ಜುಸಾನ್.

ಜುಸಾನ್, ಮಾಚಿಪತ್ರೆಯ ದಾಯಾದಿ, ಕಹಿಯ ಕಣಜ.
ಅಕ್ಟೋಬರಿನಲ್ಲಿ ಇದಕ್ಕೆ ಬಾಯಿ ಹಾಕಿದ ಒಂದೇ ಒಂದು ಕುರಿ
ನನ್ನ ಪುಸ್ತಕದಲ್ಲಿಲ್ಲ. ಸೊನ್ನೆ, ಸೊನ್ನೆ, ಸೊನ್ನೆ.
ಈಗ ಜನವರಿ. ಒಂದೇ ದಿಬ್ಬದಲ್ಲಿ ಹನ್ನೊಂದು.
"ಚಳಿ ಕಹಿಯನ್ನು ಕುಡಿದುಬಿಡುತ್ತೆ" ಎಂದಳು ಉಲ್ಬೊಸಿನ್.
ನಾನೂ ಒಂದೆಸಳು ಬಾಯಿಗಿಟ್ಟೆ.
ಪೂರ್ತಿ ಕುಡಿದಿರಲಿಲ್ಲ. ನಾಲಿಗೆಯ ಬುಡದಲ್ಲಿ
ಸಂಜೆವರೆಗೂ ಕೂತಿತ್ತು, ಏಳಲೊಲ್ಲದ ನೆಂಟನಂತೆ.

ತಿಂಗಳ ಕೊನೆಗೆ ಅವಳ ಮೈದುನನ ಮಗ ಓರಾಲ್ಬೆಕ್
ಶೂ ನದಿಯ ದಂಡೆಯಿಂದ ನಲವತ್ತು ಕುರಿ ಕೊಂಡು ತಂದ.
ಕಾಲುವೆ ನೀರು, ಕುದುರೆಮೆಂತೆ ಸೊಪ್ಪು ತಿಂದು
ಬೆಣ್ಣೆಯಂತೆ ಬೆಳೆದವು. ಲಾರಿಯಿಂದಿಳಿದು
ಮೊಣಕಾಲುದ್ದ ತೆರೆಸ್ಕೆನ್ ನಡುವೆ ನಿಂತು
ಹಸಿದವು.
ಮೂಸಿ ಮುಖ ತಿರುಗಿಸಿದವು. ಇದೂ ಅನ್ನವೆಂದು
ಅವುಗಳ ತಾಯಂದಿರು ತೋರಿಸಿಕೊಟ್ಟಿರಲಿಲ್ಲ.
ಮೂರು ದಿನ ನನ್ನ ಪುಟ ಹೊರಗಿನ ಬಯಲಿನಷ್ಟೇ ಬಿಳಿ.
ನಾಲ್ಕನೆಯ ಬೆಳಗ್ಗೆ ಒಂದು ಏಳಲಿಲ್ಲ.
ಯಾವ ಗಿಡದಲ್ಲಿ ಎಷ್ಟು ಪ್ರೋಟೀನು,
ಎಲ್ಲ ಶೇಕಡಾ ನನ್ನ ಜೇಬಿನಲ್ಲೇ ಇತ್ತು.

ಉಲ್ಬೊಸಿನ್ ಯಾರನ್ನೂ ಬೈಯಲಿಲ್ಲ.
ಹರಿದ ಕಿವಿಯವಳನ್ನು ಕೊಂಬು ಹಿಡಿದು ಎಳೆತಂದು
ಅವುಗಳ ಮಧ್ಯೆ ಬಿಟ್ಟಳು. ಅವಳು ತಿಂದಳು. ಅಷ್ಟೇ.
ಕಲಿಸುವವರ ಗತ್ತು ಒಂದಿಷ್ಟೂ ಇಲ್ಲ,
ಬೆನ್ನು ತಿರುಗಿಸಿಯೇ ನಿಂತಿದ್ದಳು.
ಎಳೆಯದೊಂದು ಹತ್ತಿರ ಬಂದು ಅವಳ ಬಾಯುಸಿರು ಮೂಸಿತು,
ಮೆಲ್ಲುವ ದವಡೆಯನ್ನು ಬಹಳ ಹೊತ್ತು ನೋಡಿತು,
ಅದೇ ಪೊದೆಯ ಆಚೆ ಕೊಂಬೆಗೆ ಬಾಯಿ ಹಾಕಿತು.
ಒಂದು ಗೀಟು.
ಉಗುಳಿತು. ಗೀಟು ಅಳಿಸಬೇಕೆ?
ನಾನು ರಬ್ಬರು ಹುಡುಕುವಷ್ಟರಲ್ಲಿ
ಮತ್ತೆ ಹಾಕಿತು.

ಆ ರಾತ್ರಿ ಒಲೆಯ ಮುಂದೆ ಕುರ್ತ್ ತಟ್ಟೆ.
ಮೊಸರು ಹಿಂಡಿ ಉಪ್ಪಿಟ್ಟು ಒಣಗಿಸಿದ ಕಲ್ಲುಂಡೆ;
ಬಂದ ದಿನ ಒಂದನ್ನು ಯಾರಿಗೂ ಕಾಣದಂತೆ
ಬಾಗಿಲಾಚೆ ಉಗುಳಿದ್ದೆ.
ಉಲ್ಬೊಸಿನ್ ಕೆನ್ನೆಯೊಳಗೆ ಒಂದನ್ನು ಸರಿಸಿಕೊಂಡು
ರೇಡಿಯೋ ತಿರುಪುತ್ತ ಕೂತಿದ್ದಳು, ನನ್ನ ಕಡೆ ನೋಡದೆ.
ನಾನು ಅವಳ ದವಡೆ ನೋಡಿದೆ.
ಕೈ ಚಾಚಿದೆ.
ಗೀಟು ಹಾಕುವವರು ಅಲ್ಲಿ ಯಾರೂ ಇರಲಿಲ್ಲ.