ಖಾಲಿ ಜಾಗದ ಸೀಸ

ಮಂಡ್ಯದ ಗುತ್ತಲು ರಸ್ತೆಯಲ್ಲಿ, ಸೈಕಲ್ ಶಾಪಿನ ಹಿಂದೆ,
ನಾನು ಮೊಳೆ ಜೋಡಿಸುತ್ತಿದ್ದ ಕಾಲ.
ವಾರಪತ್ರಿಕೆಯ ಐದನೇ ಪುಟಕ್ಕೊಂದು ಧಾರಾವಾಹಿ.
ಬರೆಯುತ್ತಿದ್ದವರು ಮರಿಚೌಡಯ್ಯ,
ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ.
ಬರೆದದ್ದೆಲ್ಲ ತೂಕದ ಚೀಟಿಗಳ ಬೆನ್ನಿಗೆ.
ಒಂದು ಮಗ್ಗುಲು ಟನ್ನು, ಕ್ವಿಂಟಾಲು, ಗಾಡಿ ನಂಬರು;
ಮಗುಚಿದರೆ ಒಬ್ಬ ಮನುಷ್ಯ
ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾನೆ.

ಮೊದಲ ವಾರ ಮೂರು ಮೆಟ್ಟಿಲು.
ಎರಡನೇ ವಾರ ಒಂದು.
ಮೂರನೇ ವಾರ ಹತ್ತಲೇ ಇಲ್ಲ,
ನಿಂತಲ್ಲೇ ನಿಂತು, ಮೇಲಿನ ಮನೆಯಲ್ಲಿ
ಯಾರೋ ಹಾಲಿನ ಪಾತ್ರೆ ಉಜ್ಜುವುದನ್ನು ಕೇಳಿಸಿಕೊಂಡ.
ಉಜ್ಜುವ ಸದ್ದು ನಿಂತಿತು.
ಮುಂದುವರಿಯುವುದು.

ಟೀ ಅಂಗಡಿಯ ಬಾಷಾ ಲೋಟ ಕೊಡದೆ ಕೇಳುತ್ತಿದ್ದ:
"ಹತ್ತಿದ್ನಾ? ಬಾಗ್ಲು ತಗುದ್ಲಾ? ನಿಂಗ್ ಗೊತ್ತಿರ್ತದೆ, ಯೋಳು."
ನನಗೇನು ಗೊತ್ತು.
ನಾನು ಓದುವುದು ಒಂದೊಂದೇ ಅಕ್ಷರ, ಅದೂ ತಲೆಕೆಳಗಾಗಿ.
ಊರಿಗೆ ಒಂದೇ ಏಟಿಗೆ ಕಾಣುವ ಪದ
ನನಗೆ ಮೊದಲು 'ನೆ', ಆಮೇಲೆ 'ರ',
ನೆರವು ಇರಬೇಕು ಅಂದುಕೊಳ್ಳುವಷ್ಟರಲ್ಲಿ
ಬಲಗಡೆ ಮೂಲೆಯ ಗೂಡಿನಿಂದ 'ಳು'.
ಅಷ್ಟು ನಿಧಾನಕ್ಕೆ ಯಾವ ಓದುಗನೂ ಬೆವತಿರಲಾರ.

ಐದನೇ ವಾರ ಪ್ರೂಫು ನೋಡಲು ಬಂದರು.
ಅಂಗಿಯೆಲ್ಲ ಕಾಕಂಬಿ ವಾಸನೆ.
ಒಂದೇ ಪದದ ಮೇಲೆ ಬೆರಳಿಟ್ಟರು: ಇದ್ದಕ್ಕಿದ್ದಂತೆ.
"ಇದ ತಗುದ್ಬುಡು."
ಎಷ್ಟು ಒತ್ತಕ್ಷರ ಸಾ, ಹುಡುಕಿ ಹುಡುಕಿ ಕೂರಿಸಿದ್ದೀನಿ, ಅಂದೆ.
"ಇದ್ದಕ್ಕಿದ್ದಂತೆ ಏನೂ ಆಗಾಕಿಲ್ಲ ಕನಪ್ಪ.
ಗಾಡಿ ತೂಕುಕ್ಕೆ ಬರೋ ಹೊತ್ಗೆ
ಕದಿಯೋದೆಲ್ಲ ಕದ್ದಾಗಿರ್ತದೆ.
ಮುಳ್ಳು ನಿಲ್ಲೋದ ಕಾಯ್ತೀವಿ, ಅಷ್ಟೆಯ."

ಕಿತ್ತೆ. ಸಾಲು ಸಡಿಲಾಗಿ ಮೊಳೆಗಳು ವಾಲಿದವು.
ತೆರವಿಗೆ ಸೀಸದ ಬಿಲ್ಲೆ ತುಂಬತೊಡಗಿದಾಗ
ಅವರು ಕನ್ನಡಕ ಮೇಲಕ್ಕೆತ್ತಿ ನೋಡಿದರು.
"ಖಾಲಿ ಜಾಗುಕ್ಕೂವೆ ಸೀಸ ಬೇಕಾ?"
ಬೇಕು. ಅಚ್ಚಾಗದೆ ಉಳಿಯುವುದನ್ನೂ ಬಿಗಿಯಾಗಿ ಕಟ್ಟಬೇಕು,
ಇಲ್ಲದಿದ್ದರೆ ಇಡೀ ಪುಟ ನೆಲದ ಮೇಲೆ.
ಒಂದು ಬಿಲ್ಲೆ ಅಂಗೈಯಲ್ಲಿಟ್ಟು ತೂಗಿದರು.
ಇನ್ನೊಂದು ಇಸಕೊಂಡರು. ಎರಡೂ ಜೇಬಿಗೆ.

ಆಮೇಲೆ ಬಂದ ಚೀಟಿಗಳಲ್ಲಿ ಸಾಲುಗಳು ಕುಳ್ಳಾದವು:

ದೀಪ ಇತ್ತು.

ದೀಪದ ಪಕ್ಕ ಎರಡು ಲೋಟ.

ಒಂದರಲ್ಲಿ ನೀರು ಇನ್ನೂ ಅಲ್ಲಾಡುತ್ತಿತ್ತು.

ಹದಿನೇಳು ವಾರ. ಚಾಕು ಇಲ್ಲ, ನೆತ್ತರಿಲ್ಲ, ಪೋಲೀಸಿನವನ ಸೀಟಿಯಿಲ್ಲ.
'ಕೊ' ಬರುತ್ತಿತ್ತು: ಕೊಟ್ಟ, ಕೊಡ, ಕೊನೆಗೂ.
ಪ್ರತಿ ಸಲ ನನ್ನ ಕೈ ತಾನಾಗಿ 'ಲೆ' ಗೂಡಿನತ್ತ ಹೋಗಿ
ಬರಿದೇ ವಾಪಸು ಬರುತ್ತಿತ್ತು.
ಒಂದು ರಾತ್ರಿ, ಕಾರ್ಖಾನೆಯ ಪಾಳಿ ಸೈರನ್ನು ಕೂಗಿ ನಿಂತ ಮೇಲೆ,
ಪ್ರೆಸ್ಸಿನ ಹಿಂಬಾಗಿಲ ಮೆಟ್ಟಿಲಲ್ಲಿ ಸದ್ದು.
ಮೂರು. ಆಮೇಲೆ ಒಂದು.
ಆಮೇಲೇನೂ ಇಲ್ಲ.
ಕೈಲಿದ್ದ ಮೊಳೆ ಬೆಳಗಿನವರೆಗೂ ಕೆಳಗಿಡಲಿಲ್ಲ.

ಹದಿನೆಂಟನೇ ವಾರ ಒಂದೇ ಚೀಟಿ:
'ಬಾಗಿಲು ತೆಗೆದವಳು ಅವನ ಮುಖ ನೋಡಲಿಲ್ಲ,
ಕೈಯಲ್ಲಿದ್ದ ಚಪ್ಪಲಿ ನೋಡಿ ಒಳಗೆ ತಿರುಗಿ ತಲೆಯಾಡಿಸಿದಳು.'
ಕೆಳಗೆ: ಮುಗಿಯಿತು.
ಸಂಪಾದಕರು ಮೇಜು ಗುದ್ದಿದರು. ಅರ್ಧ ಪುಟ ಖಾಲಿ!
ಸೀಸ ಸಾಲದೆ ಪಕ್ಕದ ಪ್ರೆಸ್ಸಿನಿಂದ ಕಡ ತಂದೆ.
ಬಾಷಾ ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಹಾಲು ಉಕ್ಕಿ ಒಲೆ ಆರಿದ್ದೂ ಕಾಣದೆ
"ಅಲ್ಲಾ, ಎಲ್ಡನೇ ಲೋಟ ಯಾರ್ದು?" ಅಂದ.

ಪುಟ ಬಿಚ್ಚಿದೆ. ಮೆಟ್ಟಿಲು, ದೀಪ, ಚಪ್ಪಲಿ
ತಂತಮ್ಮ ಗೂಡಿಗೆ ಉದುರಿದವು.
ಸಂಜೆಗೆ ಹೊಸಹಳ್ಳಿಯವರ ಲಗ್ನಪತ್ರಿಕೆ ಬಂತು.
ನೆರಳಿನ 'ಳು' ಮಗಳು ಎಂಬಲ್ಲಿ ಹೋಗಿ ಕೂತಿತು.
ಎಷ್ಟು ಬಿಗಿದರೂ, ಎರಡು ಬಿಲ್ಲೆ ಕಡಿಮೆ ಇದ್ದುದಕ್ಕೋ ಏನೋ,
'ತಾವೆಲ್ಲರೂ ಬರಬೇಕು' ಎಂಬ ಸಾಲು ಮಾತ್ರ
ಇನ್ನೂ ಅಲ್ಲಾಡುತ್ತಿತ್ತು.