ಕೆಂಪು ಗೆರೆಯ ಕೆಳಗೆ

ಬಾಟ್ಲಿಯ ಮೇಲೆ ನೇಲ್‌ಪಾಲಿಶಿನಲ್ಲಿ ಒಂದು ಗೆರೆ ಎಳೆದಿದ್ದೆ,
ಸೋಮವಾರ, ಹಸಿರು ನೀರು ನಿಂತಲ್ಲಿ.
ಗುರುವಾರಕ್ಕೆ ಅದು ಗೆರೆಯಿಂದ ಒಂದು ಬೆರಳು ಕೆಳಗೆ.
ನೆಲದಲ್ಲಿ ಹನಿಯಿಲ್ಲ.
ರಾತ್ರಿ ವ್ಯಾನಿನಡಿ ಹಾಸಿದ ಫ್ರಿಜ್ಜಿನ ರಟ್ಟು
ಬೆಳಿಗ್ಗೆ ಹಾಸಿದ ಹಾಗೇ ಇತ್ತು,
ಬೆಕ್ಕಿನ ಹೆಜ್ಜೆ ಬಿಟ್ಟರೆ ಖಾಲಿ.

ಕಡಿಯಾಳಿಯಿಂದ ಆರು ಮಕ್ಕಳು, ಇಂದ್ರಾಳಿಯಲ್ಲಿ ಇನ್ನೆರಡು,
ಆಮೇಲೆ ಮಣಿಪಾಲದ ಏರು.
ಸೆಕೆಂಡ್ ಗೇರಿಗೆ ಇಳಿಸುವಾಗ
ನನ್ನ ಒಂದು ಕಣ್ಣು ಎದುರಿನ ಬಸ್ಸಿನ ಮೇಲೆ,
ಇನ್ನೊಂದು ಬಿಸಿಯ ಮುಳ್ಳಿನ ಮೇಲೆ.
ಮುಳ್ಳು ತುಸು ಏಳುತ್ತಿತ್ತು,
ಯೋಚಿಸುತ್ತಿತ್ತು,
ಮತ್ತೆ ಕೂರುತ್ತಿತ್ತು.

ಎರಡನೇ ಕ್ಲಾಸಿನ ಅನ್ಸಿಟಾ ದಿನಾ ಕೇಳುತ್ತಾಳೆ:
“ಇವತ್ತೂ ಪತ್ತೋಳಿ ತಂದಿದ್ದೀರಾ ವಾರಿಜಕ್ಕ?”
“ಇಲ್ಲ ಮಗಾ, ಗಂಜಿ, ಉಪ್ಪಿನಕಾಯಿ.”
“ಮತ್ತೆ ಬೆಲ್ಲದ ವಾಸನೆ ಯಾರದ್ದು?”
ನಾನು ಕಿಟಕಿ ಸರಿಸುತ್ತಿದ್ದೆ.

ಹೇಳುವವರಿಗೆ ಕಡಿಮೆಯಿಲ್ಲ.
ಸಂತೆಕಟ್ಟೆಯವನು ಹೆಡ್ ಗ್ಯಾಸ್ಕೆಟ್ ಎಂದ, ಹದಿನೆಂಟು ಸಾವಿರ,
ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು.
ಬಂಕಿನ ಹುಡುಗ ಮುಚ್ಚಳ ಎಂದ; ಬದಲಿಸಿದೆ.
ಭಾವ ಹೋಸ್ ಎಂದರು; ಹಾಕಿಸಿದೆ, ಎರಡೂ.
ಸಂಘದ ಸಾಲದ ಕಂತು ಆ ತಿಂಗಳು ಹಿಂದೆ ಬಿತ್ತು.
“ದಿನಾ ಸ್ವಲ್ಪ ನೀರು ಹೊಯ್ದು ಓಡಿಸಿ ಮಾರಾಯ್ರೆ” ಎಂದವರೂ ಇದ್ದರು.
ಅವರಲ್ಲಿ ಕೆಲವರ ಸಂಸಾರ ಬಲ್ಲೆ, ನಡೆಯುವುದೂ ಹಾಗೆಯೇ.

ಗುಂಡಿಬೈಲಿನ ತಿರುವಿನಲ್ಲಿ ಇದಿನಬ್ಬರ ಶೆಡ್ಡು.
ಅವರು ಏನೂ ಹೇಳಲಿಲ್ಲ. ಸೀಟು ಮಗುಚಿದರು.
ಇಷ್ಟು ವರ್ಷ ನನ್ನ ಕುಂಡೆಯಡಿಯೇ ಇದ್ದ ಇಂಜಿನ್ನು,
ಅದರ ಮುಖ ನಾನು ಸರಿಯಾಗಿ ನೋಡಿದ್ದಿಲ್ಲ.
ಸ್ವಲ್ಪ ಆರಲು ಬಿಟ್ಟು, ರೇಡಿಯೇಟರಿನ ಬಾಯಿಗೆ ಪಂಪು ಕಚ್ಚಿಸಿ,
ಸೈಕಲ್ಲಿಗೆ ಹೊಡೆದ ಹಾಗೆ ಗಾಳಿ ಹೊಡೆದು,
ಮುಳ್ಳನ್ನು ಹದಿಮೂರಕ್ಕೆ ನಿಲ್ಲಿಸಿ
“ಚಾ ಕುಡಿಯುವ” ಎಂದರು.
ಚಾ ಮುಗಿಯಿತು. ಹದಿಮೂರು.
ಯಾರದೋ ಸ್ಕೂಟರಿನ ಬ್ರೇಕು ಮುಗಿಯಿತು. ಹದಿಮೂರು.
ಒಂದೊಂದೇ ಕೀಲನ್ನು ಬೆರಳಲ್ಲಿ ತಡವಿದರು, ಎಲ್ಲೂ ಒದ್ದೆಯಿಲ್ಲ.
“ಬಿಸಿ ಇರುವಾಗ ಇದು ಬಾಯಿ ಬಿಡುವುದಿಲ್ಲ.
ಗಾಡಿ ಇಲ್ಲೇ ಇರಲಿ. ಬೆಳಗಿನ ಬಾಂಗಿನ ಹೊತ್ತಿಗೆ ಬನ್ನಿ.”

ಐದೂ ಮುಕ್ಕಾಲು. ಜನವರಿ. ನಮ್ಮ ಉಡುಪಿಯ ಚಳಿ,
ಅಂದರೆ ಫ್ಯಾನು ಎರಡಕ್ಕೆ ಇಳಿಸುವಷ್ಟು.
ಕಬ್ಬಿಣಕ್ಕೆ ಅಷ್ಟು ಸಾಕಂತೆ.
ಮುಳ್ಳು ಒಂಬತ್ತರಲ್ಲಿತ್ತು.
ನಮಾಜು ಮುಗಿಸಿ ಬಂದವರು ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ,
ಹಲ್ಲಿನ ಡಾಕ್ಟರರ ಹತ್ತಿರ ಇರುವಂಥ ಸಣ್ಣ ಕನ್ನಡಿಯನ್ನು
ವಾಟರ್ ಪಂಪಿನ ಬೆನ್ನ ಹಿಂದೆ ತೂರಿಸಿದರು.
ಟಾರ್ಚು ಕೈಗೆ ತೆಗೆದುಕೊಂಡು, “ತೂಲೆ ಅಕ್ಕಾ.”

ಕನ್ನಡಿಯಲ್ಲಿ ಒಂದು ಕೊಳವೆಯ ಕೊರಳು.
ಸುತ್ತ ಉಪ್ಪು ಕಟ್ಟಿದಂತೆ ಬಿಳಿ, ಬಿಳಿಯ ಅಂಚಿಗೆ ಹಸಿರು.
ಅಲ್ಲಿ ಒಂದು ಹನಿ ತುಂಬುತ್ತಿತ್ತು.
ಇಬ್ಬರೂ ಉಸಿರು ಹಿಡಿದೆವು.
ದಪ್ಪಗಾಯಿತು, ತೂಗಿತು, ಮನಸ್ಸು ಬದಲಿಸಿದಂತೆ ನಿಂತಿತು,
ಆಮೇಲೆ ಬಿತ್ತು. ನೆಲಕ್ಕಲ್ಲ,
ಕೆಳಗಿನ ಸೈಲೆನ್ಸರ್ ಕೊಳವೆಯ ಮೇಲೆ.
ರಾತ್ರಿಯಿಡೀ ಬಿದ್ದದ್ದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಾದು, ಹಬೆಯಾಗಿ,
ಸೀಟಿನ ಸಂದಿಯಿಂದ ಮೇಲೆ ಬರುತ್ತಿತ್ತು, ಸಿಹಿಯಾಗಿ.
ಪತ್ತೋಳಿ.
ಏಳು ವರ್ಷದ ಮೂಗು ಹೇಳಿದ್ದನ್ನು
ಒಂದೂವರೆ ತಿಂಗಳು ನಾನು ಕಿಟಕಿಯಾಚೆ ಕಳಿಸಿದ್ದೆ.

ಒಳಗಿನ ರಬ್ಬರು ಉಂಗುರ ತೆಗೆದು ನನ್ನ ಅಂಗೈಯಲ್ಲಿಟ್ಟರು.
ಚಪ್ಪಟೆ. ಉಗುರು ತಾಗಿಸಿದರೆ ಪುಡಿ.
ಹೊಸದಕ್ಕೆ ಮೂವತ್ತೈದು ರೂಪಾಯಿ.
ಕೊರಳನ್ನು ಮರಳುಕಾಗದದಲ್ಲಿ ಉಜ್ಜಿದ್ದು, ಕೂಲಂಟು,
ಗಾಳಿ ತೆಗೆದದ್ದು, ಎಲ್ಲ ಸೇರಿ ಏಳುನೂರು.
“ಸಂತೆಕಟ್ಟೆಯವ ಹದಿನೆಂಟು ಸಾವಿರ ಅಂದಿದ್ದ” ಎಂದೆ.
ಇದಿನಬ್ಬರು ಕೈ ಒರೆಸುತ್ತ
“ಅವನಿಗೂ ಎಲ್ಲಿಯೋ ಸೋರ್ತಾ ಇರಬಹುದು” ಎಂದರು.

ಇಪ್ಪತ್ತಮೂರು ದಿನವಾಯಿತು, ನೀರು ಗೆರೆಯಲ್ಲೇ ಇದೆ.
ರಟ್ಟು ಈಗಲೂ ಹಾಸುತ್ತೇನೆ; ಬೆಕ್ಕಿಗೆ ಅಭ್ಯಾಸವಾಗಿದೆ.
ಇವತ್ತು ಅನ್ಸಿಟಾ ಮೂಗೆಳೆದು, ಮುಖ ಹುಳ್ಳಗೆ ಮಾಡಿ,
“ಈಗ ಬರೀ ಪೆಟ್ರೋಲು ವಾಸನೆ” ಎಂದಳು.

ಪೆಟ್ರೋಲಾ?

ಇಂದ್ರಾಳಿ ಸೇತುವೆಯ ಮೊದಲೇ ಬದಿಗೆ ಹಾಕಿದೆ,
ಮಕ್ಕಳನ್ನೆಲ್ಲ ಇಳಿಸಿದೆ,
ಸೀಟು ಮಗುಚಿದೆ.