ಸ್ವಲ್ಪ ಎಡಕ್ಕೆ

ಪಾರ್ಸೆಲ್ಲು ಕೊಟ್ಟು, ಸಹಿ ಹಾಕಿಸಿಕೊಂಡು ಹೊರಡುವವಳು ನಾನು,
ಅಂಚೆಯವಳು. ವ್ಯಾನು ಹೊರಗೆ ಗುರುಗುಡುತ್ತಲೇ ಇತ್ತು.
ಸಸ್ಕ್ಯಾಚೆವಾನಿನ ಜನವರಿಯಲ್ಲಿ ಎಂಜಿನ್ ಆರಿಸಿದರೆ
ಮತ್ತೆ ಹೊತ್ತುವುದು ದೇವರಿಗೇ ಬಿಟ್ಟದ್ದು.
ಟ್ರಕ್ಕಿನ ಕೆಳಗಿಂದ ಎರಡು ಬೂಟು ಮಾತ್ರ ಕಾಣುತ್ತಿದ್ದವು.
ಬೂಟುಗಳು ಹೇಳಿದವು:
'ಬಂದೆಯಾ? ಈ ದೀಪ ಒಂಚೂರು ಹಿಡಿ.'

ಹಾಗೆ ಹಿಡಿದದ್ದು. ನಾಲ್ಕು ಚಳಿಗಾಲವಾಯಿತು.

ಗಾಡಿ ಐವತ್ತೆರಡರ ಮರ್ಕ್ಯುರಿ, ಅರ್ಧ ಟನ್ನಿನದು.
ಗೋಧಿ ಹೊಲದ ಅಂಚಿನಲ್ಲಿ ಮೂವತ್ತು ವರ್ಷ ನಿಂತೂ ನಿಂತೂ
ಅಚ್ಚಿನ ತನಕ ನೆಲಕ್ಕಿಳಿದಿತ್ತಂತೆ.
ಸೀಟಿನೊಳಗೆ ಇಲಿಗಳು ಹತ್ತಾರು ತಲೆಮಾರಿನ ಬಾಣಂತನ ಮುಗಿಸಿದ್ದವು.
ಡ್ಯಾಶಿನ ಪೆಟ್ಟಿಗೆಯಲ್ಲಿ ಒಂದೇ ಕೈಗವಸು,
ಮೊಟ್ಟೆ ಮಾರಿದ ಲೆಕ್ಕದ ಒಂದು ಚೀಟಿ:
'ಪಿದ್ಲಿಸ್ನಿ ಮನೆ, ಎರಡು ಡಜನ್, ಬಾಕಿ.'
ಆ ಬಾಕಿ ತೀರಿತೋ ಇಲ್ಲವೋ
ಎಂದು ಓಸ್ತಪ್ ಈಗಲೂ ಕೇಳುವುದುಂಟು,
ನಾನೇ ಆ ಮೊಟ್ಟೆ ತಿಂದ ಹಾಗೆ.

ತುಕ್ಕೆಂದರೇನೆಂದು ಮೊದಲ ವರ್ಷ ಕಲಿತೆ.
ಬಣ್ಣ ಗುಳ್ಳೆಯೆದ್ದ ಕಡೆ ಒತ್ತಿದರೆ
ಹಪ್ಪಳ ಮುರಿದು ಬೆರಳು ಒಳಗೆ.
ಎಕ್ಸಾಸ್ಟಿನ ಒಂದೇ ಒಂದು ಬೋಲ್ಟು
ಹನ್ನೊಂದು ದಿನ ಜಪ್ಪಯ್ಯ ಅಂದರೂ ಅಲುಗಲಿಲ್ಲ.
ಸುತ್ತಿಗೆ, ಬೆಂಕಿ, ಉಕ್ರೇನಿಯನ್ ಬೈಗುಳ, ಮತ್ತೆ ಬೆಂಕಿ.
ಹನ್ನೆರಡನೆಯ ದಿನ ಕಾದ ಬೋಲ್ಟಿಗೆ ಮೇಣದಬತ್ತಿ ತಾಗಿಸಿ
ಸುಮ್ಮನೆ ಕೂತು ಚಹಾ ಕುಡಿದೆವು.
ಆಮೇಲೆ ತಿರುಗಿಸಿದರೆ,
ಬೆಣ್ಣೆಯಿಂದ ಕೂದಲು.

ದೀಪ ಹಿಡಿಯುವುದು ಸರಿಯಿಲ್ಲವೆಂದು ನನಗೂ ಬೈಗುಳ.
'ನನ್ನ ಮೂಗಿಗಲ್ಲ, ಕೆಲಸಕ್ಕೆ ಹಿಡಿ.'
'ಸ್ವಲ್ಪ ಎಡಕ್ಕೆ. ಎಡ ಅಂದರೆ ನನ್ನ ಎಡ.'
ಮಲಗಿದವನ ಎಡ ಬಗ್ಗಿದವಳಿಗೆ ಯಾವುದು?
ಅದನ್ನು ತಿಳಿಯುವಷ್ಟರಲ್ಲಿ ಎರಡನೆಯ ವಸಂತ ಬಂದಿತ್ತು.

ಎಣ್ಣೆ ಬಂದಾಗ ಕಣ್ಣು ಮುಚ್ಚುವವರು ದಡ್ಡರಂತೆ.
ಈತ ಎಂಜಿನ್ನಿಗೆ ಎಣ್ಣೆ ಹೊಯ್ಯುವಾಗೆಲ್ಲ ಮುಚ್ಚುತ್ತಿದ್ದ,
ಕೊಳವೆಯ ಗುಟುಕು ಕೇಳಿ 'ಸಾಕು' ಎನ್ನುತ್ತಿದ್ದ.
ಕಡ್ಡಿ ಎಳೆದು ನೋಡಿದರೆ
ಗೆರೆಗೆ ಸರಿಯಾಗಿ ಸಾಕು.

ಮೂರನೆಯ ಚಳಿಗಾಲ. ಹೊರಗೆ ಮೈನಸ್ ಮೂವತ್ತೆಂಟು.
ಬಲ್ಬು ಟಿಣ್ಣೆಂದು ಸತ್ತಿತು.
ಕಿಟಕಿಯಿಲ್ಲದ ಶೆಡ್ಡು, ಮುಚ್ಚಿದ ಟಾರಿನ ಡಬ್ಬಿ.
ಬೈಗುಳಕ್ಕೆ ಕಾದೆ. ಬರಲಿಲ್ಲ.
ಕತ್ತಲೊಳಗೆ ಪಾನಾ ಕಟಕಟ, ಕಟಕಟ,
ಒಂದು ತಿರುವೂ ತಪ್ಪದೆ.
ತಟ್ಟೆಗೆ ವಾಷರು ಬಿದ್ದ ಸದ್ದು.
ಆಮೇಲೆ, ಎಂದಿನ ಸಿಡುಕಿನಲ್ಲೇ:
'ಸ್ವಲ್ಪ ಎಡಕ್ಕೆ.'

ಆರಿದ ದೀಪವನ್ನು ಎಡಕ್ಕೆ ಸರಿಸಿದೆ.

'ಹಾಂ. ಈಗ ಸರಿ.'

ಸಸ್ಕಟೂನಿನ ಕಣ್ಣಾಸ್ಪತ್ರೆಯ ಲಕೋಟೆಗಳನ್ನು
ನಾನೇ ತಂದುಕೊಟ್ಟಿದ್ದೆ, ಆರೋ ಏಳೋ.
ಒಂದನ್ನೂ ಒಡೆದಿರಲಿಲ್ಲ; ದಪ್ಪ ಕಾಗದ ಒಳ್ಳೆಯದೆಂದು
ಗ್ಯಾಸ್ಕೆಟ್ಟಿನ ಅಚ್ಚು ಕತ್ತರಿಸಿಕೊಂಡಿದ್ದ,
ಉರುಟು ತೂತುಗಳು, ಕೂದಲೆಳೆ ಆಚೀಚೆ ಇಲ್ಲದೆ.
ಅಂಚೆಯವಳಿಗೆ ಲಕೋಟೆಯ ಹೊರಮೈ ಮಾತ್ರ ಗೊತ್ತಿರಬೇಕು.
ಮರುದಿನ ಹೊಸ ಬಲ್ಬು ಹಾಕಿದೆ. ಹೇಳಲಿಲ್ಲ.

ಈ ವರ್ಷ ಆತನೇ ಪಾನಾ ನನ್ನ ಕೈಗಿಟ್ಟ.
'ಬೆನ್ನು ನೋವು' ಎಂದ. ಇರಬಹುದು.
ಕೆಳಗೆ ನಾನು, ತಣ್ಣನೆ ಸಿಮೆಂಟಿನ ಮೇಲೆ ಬೆನ್ನು,
ಬಾಯಿಗೆ ಉದುರುವ ಎಪ್ಪತ್ತು ವರ್ಷದ ಮಣ್ಣು.
ದೀಪ ಅವನ ಕೈಯಲ್ಲಿ. ನೇರ ನನ್ನ ಕಣ್ಣಿಗೆ.
ಬೋಲ್ಟಿನ ಮೇಲೆ ನನ್ನದೇ ತಲೆಯ ನೆರಳು.
ಕಣ್ಣು ಮುಚ್ಚಿ ಬೆರಳಿಂದ ಅಂಚು ಹುಡುಕಿದೆ,
ಆರು ಮೂಲೆ, ಒಂದು ಸವೆದದ್ದು.

'ಸರಿಯಾಗಿ ಹಿಡಿದಿದ್ದೀನಾ?'

'ಸ್ವಲ್ಪ ಎಡಕ್ಕೆ' ಎಂದೆ.
ಸರಿಸಿದ.

ಎಡಬದಿಯ ಬಾಗಿಲು ಇನ್ನೂ ಸಿಕ್ಕಿಲ್ಲ.
ಮ್ಯಾನಿಟೋಬಾದಲ್ಲಿ ಯಾರದೋ ಕೋಳಿಗೂಡಿಗೆ ಹಾಕಿದ್ದಾರಂತೆ,
ಕೇಳಿದರೆ ಕೊಟ್ಟಾರು. ಬಣ್ಣ ಬೇರೆಯಂತೆ.
'ಯಾವ ಬಣ್ಣ?' ಎಂದು ಎರಡು ಸಲ ಕೇಳಿದ.